ಎರಡು ಕೆರೆಗಳ ಊರಿನಲ್ಲಿ ಹನ್ನೆರಡು ದಿನ

ಡೊಂಬಿವಲಿ ಪೂರ್ವ

ನಾನು ನೆದರ್ಲೆಂಡ್ಸಿಗೆ ಹೋಗಿ ಬಂದದ್ದು ಗಾಳಿಗಿರಣಿ ನೋಡಲಿಕ್ಕಲ್ಲ, ಹೂವಿನ ತೋಟ ನೋಡಲಿಕ್ಕೂ ಅಲ್ಲ. ನವೆಂಬರಿನಲ್ಲಿ ಅಲ್ಲಿ ಹೂವೂ ಇರುವುದಿಲ್ಲ. ನಾನು ನೋಡಿ ಬಂದದ್ದು ಎರಡು ಕೆರೆ. ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರಿಗೆ ಹೀಗೆಂದಾಗ ಅವರೆಲ್ಲ ನನ್ನನ್ನು ಮರುಕದಿಂದ ನೋಡಿದರು. ಹತ್ತಿರದ ಠಾಣೆಯಲ್ಲೇ ಬೇಕಾದಷ್ಟು ಕೆರೆಗಳಿರುವಾಗ ವಿಮಾನ ಹತ್ತಿ ಹೋಗಿ ಕೆರೆ ನೋಡಿ ಬಂದವಳಿಗೆ ಏನನ್ನಬೇಕು, ಪಾಪ.

ಮಹಾಪೆಯ ಒಂದು ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಬಾಟಲಿಯಲ್ಲಿ ಬಂದ ನೀರನ್ನೇ ನೋಡಿದ್ದೇನೆ. ಅದು ಯಾವ ಕೆರೆಯದು, ಆ ಕೆರೆ ಹೇಗಿದೆ ಎಂದು ಹೋಗಿ ನೋಡಿದವಳಲ್ಲ. ನೆದರ್ಲೆಂಡ್ಸಿನಲ್ಲಿ ಕೆರೆಗಳ ಬಗ್ಗೆ ನಡೆಯುವ ಹನ್ನೆರಡು ದಿನದ ತರಬೇತಿಗೆ ಹೋಗಬೇಕಾಗಿದ್ದವರು ಬೇರೊಬ್ಬ ಸಹೋದ್ಯೋಗಿ. ಅವರ ಪಾಸ್‌ಪೋರ್ಟಿನ ಅವಧಿ ಮುಗಿದು ಹೋಗಿದ್ದರಿಂದ ಅವರ ಪಾಲಿನ ಹೋಳಿಗೆ ನನ್ನ ತಾಟಿಗೆ ಬಿತ್ತು. ಖುಷಿಪಡುವ ಬದಲು ನಾನು ಚಿಂತೆಗೆ ಬಿದ್ದೆ. ಕಾರಣ ನಮ್ಮ ಅತ್ತೆ.

ಅತ್ತೆ ವಿಜಯಪುರದ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದು ನಲವತ್ತು ವರ್ಷದ ಮೇಲಾಯಿತು. ಭಾಜಿ ಮಾರುವವಳ ಜೊತೆ ಮರಾಠಿಯಲ್ಲಿ ಜಗಳ, ಪಕ್ಕದ ಫ್ಲಾಟಿನ ಗುಜರಾತಿ ಬೆನ್ ಜೊತೆ ಹಿಂದಿಯಲ್ಲಿ ಸುಖದುಃಖ, ನಮ್ಮ ಜೊತೆ ಊರಿನ ಕನ್ನಡ. ಮೊಮ್ಮಗಳು ಕೇತಕಿಯ ಜೊತೆ ಮಾತ್ರ ಹಿಂದಿ ಮರಾಠಿಯ ಖಿಚಡಿ. ಕೇತಕಿಗೆ ಈಗ ಹತ್ತೊಂಬತ್ತು. ಮೂರು ವರ್ಷದ ತನಕ ಅವಳು ಕನ್ನಡವನ್ನೇ ಆಡುತ್ತಿದ್ದಳು. ಶಾಲೆಗೆ ಹೋದ ಮೇಲೆ ಒಂದೊಂದು ಮಾತು ಹಿಂದಿಯಲ್ಲಿ ಬರತೊಡಗಿತು. ನಮಗದು ಮುದ್ದಾಗಿ ಕಂಡು ನಾವೂ ಹಿಂದಿಯಲ್ಲೇ ಉತ್ತರ ಕೊಟ್ಟೆವು. ಮನೆ ಯಾವತ್ತು ಆ ಕಡೆ ಹೊರಳಿತು ಎಂದು ಕೇಳಿದರೆ ಯಾರಿಗೂ ತಾರೀಖು ಗೊತ್ತಿಲ್ಲ. ಹುಡುಗಿಗೆ ಕನ್ನಡ ಪೂರಾ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ಮಾತು ನಿಂತಿತು. ಎರಡು ತಿಂಗಳ ಮೇಲೆ ಮಾತು ತಡವರಿಸುತ್ತ ವಾಪಸಾದಾಗ ಬಂದದ್ದು ಕನ್ನಡ ಒಂದೇ. ನಲವತ್ತು ವರ್ಷದ ಮರಾಠಿ, ಹಿಂದಿ ಎರಡೂ ಅಳಿಸಿಹೋಗಿದ್ದವು. ಆಡಲೂ ಬಾರದು, ಆಡಿದರೆ ತಿಳಿಯಲೂ ತಿಳಿಯದು. ಹೀಗಾಗುವುದುಂಟು ಎಂದರು ಡಾಕ್ಟರು. "ಮಾತಾಡಿಸುತ್ತಲೇ ಇರಿ. ಮಾತು ಬಿಟ್ಟರೆ ಉಳಿದಿದ್ದೂ ಹೋದೀತು" ಎಂದೂ ಹೇಳಿದರು.

ಅಂದಿನಿಂದ ನಾನು ಮನೆಯ ದುಭಾಷಿಯಾದೆ. ಕೇತಕಿ, "ಮಮ್ಮೀ, ಅಜ್ಜಿ ಕೋ ಬೋಲೋ ನಾ, ದವಾ ಕಾ ಟೈಮ್ ಹೋ ಗಯಾ" ಎನ್ನುವಳು. ನಾನು, "ಅತ್ತಿ, ಔಷಧ ತಗೊಳ್ಳೂ ಹೊತ್ತಾತಂತ" ಎನ್ನುವೆ. ಅತ್ತೆ ನನಗೆ ತಲೆಯಾಡಿಸುವರು. ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಮನೆಯಲ್ಲಿ ಬರೀ ಕನ್ನಡ ಎಂದು ನಿಯಮವನ್ನೂ ಮಾಡಿ ನೋಡಿದೆ. ಆ ಒಂದು ತಾಸು ಕೇತಕಿ ಬಾಯಿ ಬಿಡದೆ ಮೊಬೈಲ್ ನೋಡುತ್ತಿದ್ದಳು. ಹನ್ನೊಂದು ಹೊಡೆಯುತ್ತಲೇ ಹಿಂದಿಯಲ್ಲಿ ಧೋ ಎಂದು ಸುರಿಯುತ್ತಿದ್ದಳು. ಅತ್ತೆಯ ಮಾತು ದಿನದಿನಕ್ಕೆ ಕಡಿಮೆಯಾಗುತ್ತಿತ್ತು.

ನನ್ನ ಗಂಡನಿಗೆ ನಾಸಿಕದಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಾರೆ. ಅಡುಗೆಯ ಮೌಶಿಗೆ ಮರಾಠಿ ಬಿಟ್ಟು ಬೇರೆ ಬಾರದು. ಹನ್ನೆರಡು ದಿನ ನಾನಿಲ್ಲದೆ ಅಜ್ಜಿ ಮೊಮ್ಮಗಳು ಏನು ಮಾಡಿಯಾರು? ಹೊರಡುವ ಹಿಂದಿನ ದಿನ ಇಪ್ಪತ್ತು ಕನ್ನಡ ವಾಕ್ಯಗಳನ್ನು ದೇವನಾಗರಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. "ಹಸಿವು ಆಗೈತೇನು", "ಕಾಲು ಒತ್ತಲೇನು", ಹೀಗೆ. ಕೇತಕಿ ಅದನ್ನು ನೋಡಿ, ಇಷ್ಟು ಚಿಂತೆ ಯಾಕೆ ಎಂಬಂತೆ, "ಇತನಾ ಟೆನ್ಶನ್ ಕಶಾಲಾ, ಮಮ್ಮೀ? ವಿಡಿಯೋ ಕಾಲ್ ಹೈ ನಾ" ಎಂದಳು.

ಸೈಕಲ್ಲು

ನಾನು ತಲುಪಿದ ಊರಿನ ಹೆಸರು ಹೇಳಬೇಕೆಂದರೆ ಗಂಟಲಲ್ಲಿ ಕಫ ಕಟ್ಟಿರಬೇಕು. ಕೊನೆಯ ದಿನದವರೆಗೂ ನನಗದು ಬರಲಿಲ್ಲ. ನನ್ನನ್ನು ಕರೆದುಕೊಂಡು ಹೋಗಲು ಬಂದವರು ಯಾನೆಕೆ ಎಂಬ ಹೆಂಗಸು. ಅರವತ್ತರ ಆಸುಪಾಸು, ನನಗಿಂತ ಒಂದೂವರೆ ಗೇಣು ಎತ್ತರ, ಊರಿನ ಕೆರೆಗಳ ಉಸ್ತುವಾರಿ ಅವರದು. ನಮಸ್ಕಾರ, ಪ್ರಯಾಣ ಹೇಗಿತ್ತು, ಊಟವಾಯಿತೇ ಎಂಬ ಯಾವ ಪೀಠಿಕೆಯೂ ಇಲ್ಲದೆ, "ಇದು ನಿಮ್ಮ ಸೈಕಲ್ಲು" ಎಂದು ತೋರಿಸಿದರು.

ಕಾಲೇಜಿನ ದಿನಗಳಲ್ಲಿ ತುಳಿದದ್ದು. ಮರೆಯುವ ವಿದ್ಯೆಯಲ್ಲವಲ್ಲ ಎಂದು ಹತ್ತಿದೆ. ಆ ಸೈಕಲ್ಲಿಗೆ ಕೈಬ್ರೇಕೇ ಇಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ ಎನ್ನುವುದನ್ನು ಯಾರೂ ಹೇಳಿರಲಿಲ್ಲ. ತಿರುವಿನಲ್ಲಿ ಅಭ್ಯಾಸಬಲದಿಂದ ಪೆಡಲು ಹಿಂದಕ್ಕೆ ತಿರುಗಿಸಿದೆ, ಸೈಕಲ್ಲು ಗಕ್ಕನೆ ನಿಂತಿತು, ನಾನು ನಿಲ್ಲದೆ ಕಾಲುವೆಗಿಳಿದೆ. ನಾಯಿ ಹಿಡಿದುಕೊಂಡು ಬರುತ್ತಿದ್ದ ಒಬ್ಬ ಮುದುಕ ಕೈಕೊಟ್ಟು ಮೇಲೆತ್ತಿ, ಪೆಟ್ಟಾಯಿತೇ ಎಂದು ಕೇಳದೆ, "ನಿಮ್ಮ ಸೀಟು ಎತ್ತರವಾಗಿದೆ" ಎಂದು ಹೇಳಿ ಹೊರಟುಹೋದ. ನಮ್ಮ ಡೊಂಬಿವಲಿಯಲ್ಲಾದರೆ ಹತ್ತು ಜನ ಕೂಡಿ, ನೀರು ಕುಡಿಸಿ, ತಪ್ಪು ಯಾರದೆಂದು ಅರ್ಧ ತಾಸು ವಾದ ಮಾಡುತ್ತಿದ್ದರು. ಮೊಣಕಾಲವರೆಗೆ ಮೆತ್ತಿದ ನನ್ನ ಚೂಡಿದಾರ ನೋಡಿ ಯಾನೆಕೆ, "ಒಳ್ಳೆಯದು, ಕೆಸರಿನ ಪರಿಚಯವಾಯಿತಲ್ಲ" ಎಂದರು. ಆ ಹೆಂಗಸಿನ ತಮಾಷೆ ಅರ್ಥವಾಗಲು ನನಗೆ ಮೂರು ದಿನ ಬೇಕಾಯಿತು.

ಅವರ ಮಧ್ಯಾಹ್ನದ ಊಟ ನೋಡಿದರೆ ಅತ್ತೆ ಅತ್ತುಬಿಡುತ್ತಿದ್ದರು. ತಣ್ಣಗಿನ ಬ್ರೆಡ್ಡು, ಚೀಸಿನ ಹೋಳು, ಜೊತೆಗೆ ಒಂದು ಲೋಟ ಮಜ್ಜಿಗೆ. ಆದರೆ ಆ ಮಜ್ಜಿಗೆ ಒಂದು ಗುಟುಕು ಕುಡಿದಾಗ ನನಗೆ ಮನೆಯೇ ಸಿಕ್ಕ ಹಾಗಾಯಿತು. ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಬ್ರೆಡ್ಡಿನ ಮೇಲೆ ಉದುರಿಸಿದೆ. ಯಾನೆಕೆ ಚೂರು ರುಚಿ ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, ಲೋಟದ ಮಜ್ಜಿಗೆಯನ್ನೆಲ್ಲ ಕುಡಿದರು. ಮರುದಿನ ಊಟಕ್ಕೆ ಕೂತವರೇ ಮೊದಲು ಕೇಳಿದ್ದು, "ಆ ಪುಡಿ ಎಲ್ಲಿ?"

ಕೆರೆಯ ಏರಿ

ಒಂದು ಏರಿ. ಎಡಕ್ಕೊಂದು ಕೆರೆ, ಬಲಕ್ಕೊಂದು ಕೆರೆ. ಎರಡಕ್ಕೂ ಒಂದೇ ಮಳೆ, ಒಂದೇ ಕಾಲುವೆಯ ನೀರು, ಒಂದೇ ಮಣ್ಣು. ಎರಡೂ ಆಳವಿಲ್ಲದವು. ಯಾನೆಕೆ ಹಗ್ಗಕ್ಕೆ ಕಟ್ಟಿದ ಒಂದು ಬಿಳಿ ತಟ್ಟೆಯನ್ನು ಎಡಗಡೆಯ ಕೆರೆಗೆ ಇಳಿಬಿಟ್ಟರು. ತಟ್ಟೆ ತಳ ಮುಟ್ಟಿತು. ಅದರ ಮೇಲೆ ಹತ್ತಿಕೊಂಡು ಹೋದ ಬಸವನಹುಳುವೂ ನನಗೆ ಕಾಣುತ್ತಿತ್ತು. ಬಲಗಡೆಯ ಕೆರೆಗೆ ಬಿಟ್ಟರು. ಮೊಣಕೈ ಉದ್ದ ಇಳಿಯುವುದರೊಳಗೆ ತಟ್ಟೆ ಮಾಯ. ನೀರು ಹೆಸರುಕಾಳಿನ ಕಟ್ಟಿನ ಹಾಗೆ ಮಬ್ಬು ಹಸಿರು.

"ಇದಕ್ಕೆ ಹೆಚ್ಚು ಹೊಲಸು ಬರುತ್ತದೆ" ಎಂದೆ, ಇಪ್ಪತ್ತು ವರ್ಷದ ಅನುಭವದ ಜಂಬದಿಂದ.

"ಪರೀಕ್ಷೆ ಮಾಡಿ" ಎಂದರು.

ಮಾಡಿದೆ. ಎರಡು ಕೆರೆಗೂ ಬರುವ ನೀರಿನಲ್ಲಿ ಹಸಿರುಗಟ್ಟಿಸುವ ಗೊಬ್ಬರದ ಅಂಶ ಹೆಚ್ಚುಕಡಿಮೆ ಒಂದೇ. ಇನ್ನೊಬ್ಬರ ಉಪಕರಣವನ್ನು ನಂಬುವವಳಲ್ಲ ನಾನು, ಮತ್ತೊಮ್ಮೆ ಮಾಡಿದೆ. ಅದೇ ಬಂತು.

ಆಮೇಲೆ ಯಾನೆಕೆ ಏರಿಯ ಮೇಲೆ ಕೂತು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ತಿಳಿನೀರಿನ ತಳಕ್ಕೆ ಬಿಸಿಲು ಮುಟ್ಟುತ್ತದೆ, ಅದರಿಂದ ಅಲ್ಲಿ ಗಿಡ ಬೆಳೆಯುತ್ತದೆ. ಗಿಡದ ಬೇರು ಕೆಸರನ್ನು ಹಿಡಿದಿಡುತ್ತದೆ, ಅದರಿಂದ ನೀರು ತಿಳಿಯಾಗಿಯೇ ಉಳಿಯುತ್ತದೆ. ರಾಡಿ ಕೆರೆಯಲ್ಲಿ ಇದರ ತಿರುಗುಮುರುಗು. ಬಿಸಿಲು ಇಳಿಯದು, ಗಿಡವಿಲ್ಲ, ತಳದಲ್ಲಿ ತಿನ್ನಲು ಹುಡುಕುವ ಮೀನುಗಳು ಕೆಸರೆಬ್ಬಿಸುತ್ತಲೇ ಇರುತ್ತವೆ, ಬಿಸಿಲು ಇನ್ನೂ ಇಳಿಯದು. ಎರಡೂ ತಮ್ಮ ತಮ್ಮ ಜಾಗದಲ್ಲಿ ಗಟ್ಟಿ. ತಿಳಿ ಕೆರೆಗೆ ಒಂದಿಷ್ಟು ಹೊಲಸು ಬಿದ್ದರೂ ತಡೆದುಕೊಳ್ಳುತ್ತದೆ, ತಡೆದುಕೊಳ್ಳುತ್ತಲೇ ಇದ್ದು ಒಂದು ದಿನ ಹೊರಳಿಬಿಡುತ್ತದೆ. ಹೊರಳಿದ ಮೇಲೆ, ಹೊಲಸನ್ನು ಹಿಂದಿನಷ್ಟೇ ಕಡಿಮೆ ಮಾಡಿದರೂ ಅದು ಬಂದ ದಾರಿಯಲ್ಲಿ ವಾಪಸು ಹೋಗುವುದಿಲ್ಲ. "ಬರುವ ಹೊಲಸು ಕಡಿಮೆ ಮಾಡಿ ವರ್ಷಗಟ್ಟಲೆ ಕಾದೆ. ಕೆರೆ ಕದಲಲಿಲ್ಲ. ನನಗೆ ಕೆರೆಯ ಮೇಲೆ ಸಿಟ್ಟು ಬಂದಿತ್ತು" ಎಂದರು.

ನನಗೆ ನೆನಪಾದದ್ದು ಡೊಂಬಿವಲಿ ಸ್ಟೇಷನ್ನಿನ ಹೊರಗೆ ಶೇರ್ ರಿಕ್ಷಾಕ್ಕೆ ನಿಲ್ಲುವ ಸಾಲು. ಸಾಲು ಇದ್ದರೆ ಎಂಥ ಅವಸರದವನೂ ಬಂದು ಕೊನೆಗೆ ನಿಲ್ಲುತ್ತಾನೆ. ಒಬ್ಬಿಬ್ಬರು ನುಗ್ಗಿದರೂ ಬೈದು ಹಿಂದೆ ಕಳಿಸುತ್ತಾರೆ. ಜೋರು ಮಳೆ ಬಂದ ಒಂದು ಸಂಜೆ ಮಾತ್ರ ಸಾಲು ಒಡೆಯುತ್ತದೆ. ಆಮೇಲೆ ಮಳೆ ನಿಂತರೂ ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ, ನಿಂತವನೇ ದಡ್ಡನಾಗುತ್ತಾನೆ. ಜನ ಅವರೇ, ರಿಕ್ಷಾಗಳೂ ಅವೇ. ಇದನ್ನು ಹೇಳಿದಾಗ ಯಾನೆಕೆ ಮೊದಲ ಬಾರಿ ನಕ್ಕರು.

ಬಲೆ ಎಳೆದ ದಿನ

ಏಳನೆಯ ದಿನ ರಾಡಿ ಕೆರೆಗೆ ಬಲೆ ಬಿತ್ತು. ಚಳಿಗೆ ಮೀನುಗಳೆಲ್ಲ ಒಂದು ಮೂಲೆಗೆ ಸೇರುತ್ತವಂತೆ. ರಬ್ಬರು ಪ್ಯಾಂಟು ತೊಟ್ಟ ಆರು ಜನ ಎದೆಮಟ್ಟ ನೀರಿನಲ್ಲಿ ನಿಂತು, ಉದ್ದನೆಯ ಬಲೆಯನ್ನು ಇಂಚಿಂಚಾಗಿ ದಡಕ್ಕೆ ತಂದರು. ಕೆಸರುಬಣ್ಣದ ದೊಡ್ಡ ದೊಡ್ಡ ಮೀನು. ಅವನ್ನು ಕೊಲ್ಲದೆ, ನೀರು ತುಂಬಿದ ಲಾರಿಗೆ ಹಾಕಿ, ದೂರದ ದೊಡ್ಡ ಕಾಲುವೆಗೆ ಬಿಡಲು ಒಯ್ಯುತ್ತಿದ್ದರು.

"ಅಷ್ಟನ್ನೂ ತೆಗೆಯಬೇಕೇ?" ಎಂದು ಕೇಳಿದೆ.

"ಮೊದಲು ವರ್ಷಕ್ಕಿಷ್ಟು ಎಂದು ತೆಗೆದೆವು. ಉಳಿದವು ಮೊಟ್ಟೆಯಿಟ್ಟು ಹೆಚ್ಚಿದವು, ಕೆರೆ ಹಾಗೇ ಇತ್ತು. ಸ್ವಲ್ಪ ಸ್ವಲ್ಪವಾಗಿ ಇದು ಆಗುವುದಿಲ್ಲ. ಒಮ್ಮೆ ಜೋರಾಗಿ ದಬ್ಬಬೇಕು, ಆಮೇಲೆ ಕೈ ಬಿಡಬೇಕು."

ನನ್ನ ಭಾನುವಾರದ ಹತ್ತರಿಂದ ಹನ್ನೊಂದು ಕಣ್ಣ ಮುಂದೆ ಬಂತು.

ಒಂದು ಮೀನು ಬಲೆಯಿಂದ ಜಾರಿ ನನ್ನ ಬೂಟಿನ ಹತ್ತಿರ ಬಿದ್ದು ಬಾಯಿ ತೆರೆದು ಮುಚ್ಚುತ್ತಿತ್ತು. ಯಾನೆಕೆ ಅದನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಎತ್ತಿ ಲಾರಿಗೆ ಕೊಟ್ಟರು. "ಇವೇನು ಕೆಟ್ಟವಲ್ಲ. ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತವೆ. ಆ ಕೆಲಸ ನಡೆಯುವವರೆಗೆ ನೀರು ತಿಳಿಯಾಗದು, ಅಷ್ಟೆ."

ಮಧ್ಯಾಹ್ನ ಹನ್ನೆರಡಕ್ಕೆ ಎಂದಿನಂತೆ ಮನೆಗೆ ವಿಡಿಯೋ ಕಾಲ್ ಮಾಡಿದೆ. ಡೊಂಬಿವಲಿಯಲ್ಲಿ ಆಗ ಸಂಜೆ ನಾಲ್ಕೂವರೆ, ಚಹಾದ ಹೊತ್ತು. ಬಂದ ದಿನದಿಂದ ದಿನಕ್ಕೆ ಎರಡು ಸಲ ಹೀಗೆ ಕೆರೆಯ ದಂಡೆಯಿಂದಲೇ ದುಭಾಷಿ ಕೆಲಸ ನಡೆಸಿದ್ದೆ. ಸೋಫಾದ ಒಂದು ತುದಿಗೆ ಅತ್ತೆ, ಇನ್ನೊಂದು ತುದಿಗೆ ಕೇತಕಿ.

"ಮಮ್ಮೀ, ಅಜ್ಜಿ ಕೋ ಪೂಛೋ, ರಾತ್ ಕೋ ಉಪ್ಪಿಟ್ಟು ಚಲೇಗಾ ಕ್ಯಾ?"

"ಅತ್ತಿ, ರಾತ್ರಿ ಉಪ್ಪಿಟ್ಟು ನಡೀತೈತೇನ್ರಿ?"

ಅತ್ತೆ ನನಗೆ ತಲೆಯಾಡಿಸಿದರು. ಆಗ ಕಂಡಿತು. ಒಂದೇ ಸೋಫಾದ ಮೇಲೆ ಕೂತ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ, ನಾನಿದ್ದೆನಲ್ಲ. ಹುಡುಗಿ ಕನ್ನಡದ ಒಂದು ಶಬ್ದಕ್ಕೆ ತಡಕಾಡುವ ಮೊದಲೇ ನಾನು ಬಾಯಿ ಹಾಕುತ್ತಿದ್ದೆ. ಅತ್ತೆ ಅವಳನ್ನು ಏನಾದರೂ ಕೇಳುವ ಮೊದಲೇ ಉತ್ತರ ತಂದು ಕೊಡುತ್ತಿದ್ದೆ. ಒಳ್ಳೆಯದಕ್ಕೇ ಮಾಡುತ್ತಿದ್ದೆ, ಪ್ರೀತಿಯಿಂದಲೇ ಮಾಡುತ್ತಿದ್ದೆ. ಹಗಲಿಡೀ ಕೆಸರೆಬ್ಬಿಸುತ್ತಿದ್ದವಳು ನಾನೇ.

"ಕೇತಕಿ, ನಾಳೆಯಿಂದ ನಾವು ಬೇರೆ ಕಡೆ ಹೋಗುತ್ತೇವೆ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ನಾಲ್ಕು ದಿನ ಫೋನ್ ಆಗುವುದಿಲ್ಲ" ಎಂದು ಹಿಂದಿಯಲ್ಲಿ ಹೇಳಿದೆ. ಒಬ್ಬಳೇ ಹೇಗಿರಲಿ ಎಂದು ಹುಡುಗಿಯ ಮುಖ ಸಣ್ಣದಾಯಿತು. "ಮೈ ಅಕೇಲೀ ಕೈಸೇ, ಮಮ್ಮೀ?" ಎಂದಳು. ಇನ್ನೆರಡು ಮಾತಾಡಿದರೆ ನಿಜ ಹೇಳಿಬಿಟ್ಟೇನೆಂದು ಫೋನ್ ಇಟ್ಟೆ.

ನೆಟ್‌ವರ್ಕ್ ಇಲ್ಲದ ಊರು

ಆ ಊರಿನಲ್ಲಿ ಕೆರೆಯ ನಟ್ಟನಡುವೆ ದೋಣಿಯಲ್ಲಿ ಕೂತರೂ ಮೊಬೈಲಿನ ಕಡ್ಡಿಗಳೆಲ್ಲ ಪೂರ್ತಿ ನಿಂತಿರುತ್ತವೆ. ನಮ್ಮ ಮುಂಬ್ರಾ ಸುರಂಗದ ಹಾಗೆ ಮಾತು ಕತ್ತರಿಸುವ ಒಂದೇ ಒಂದು ಜಾಗವೂ ಅಲ್ಲಿಲ್ಲ. ನಾನು ಹೇಳಿದ ಸುಳ್ಳು ದಿನವಿಡೀ ಜೇಬಿನಲ್ಲಿ ಅಲುಗುತ್ತಿತ್ತು. ಗಂಡನಿಗೆ ನಿಜ ಹೇಳಿದ್ದೆ. ಅವರು ಎರಡು ಹೊತ್ತು ಮನೆಗೆ ಫೋನ್ ಮಾಡಿ ವಿಚಾರಿಸಿ ನನಗೆ ಒಂದೇ ಶಬ್ದ ಕಳಿಸುತ್ತಿದ್ದರು: "ಆರಾಮ." ಆ ಒಂದು ಶಬ್ದವನ್ನು ಎಷ್ಟು ಸಲ ಓದಿದೆನೋ.

ಕಾಯಿಲೆಯ ಮುದುಕಿಯ ಮೇಲೆ ಪ್ರಯೋಗ ಮಾಡುತ್ತಿದ್ದೇನಲ್ಲ ಎಂದು ನನ್ನ ಮೇಲೇ ಹೇಸಿಗೆ ಆಗುತ್ತಿತ್ತು. ಕೆರೆಯಾದರೆ ತಪ್ಪಿದರೆ ಇನ್ನೊಂದು ಚಳಿಗಾಲ ಬರುತ್ತದೆ. ಅತ್ತೆಗೆ ಎಷ್ಟು ಚಳಿಗಾಲ ಉಳಿದಿವೆ? ಎರಡನೆಯ ಸಂಜೆ ತಡೆಯಲಾಗದೆ ಯಾನೆಕೆಗೆ ಎಲ್ಲ ಹೇಳಿಬಿಟ್ಟೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಅವರ ಮನೆಯ ಕಿಟಕಿಗೆ ಪರದೆಯಿಲ್ಲ, ಬೀದಿಯಲ್ಲಿ ಹೋಗುವವರಿಗೆಲ್ಲ ಒಳಗಿನ ದೀಪ ಕಾಣುತ್ತದೆ; ನಾನು ಅಳುವುದನ್ನು ಯಾರಾದರೂ ನೋಡಿಯಾರು ಎಂದು ಬೆನ್ನು ತಿರುಗಿಸಿ ಕೂತೆ.

"ನೀರು ತಿಳಿಯಾದ ಮೊದಲ ಬೇಸಿಗೆಯನ್ನು ನಂಬಬೇಡಿ. ಎಳೆ ಗಿಡ, ಒಂದು ದೋಣಿ ಹೋದರೂ ಕಿತ್ತುಬರುತ್ತದೆ. ಎಡಗಡೆಯ ಕೆರೆಯೂ ಮೊದಲು ರಾಡಿಯೇ ಇತ್ತು; ತಿಳಿಯಾದ ಮೇಲೆ ನಾನು ಎರಡು ವರ್ಷ ಅದಕ್ಕೆ ಕಾಲಿಡಲಿಲ್ಲ" ಎಂದರು. "ಏನೂ ಮಾಡದೆ ನಿಲ್ಲುವುದೇ ಈ ಕೆಲಸದಲ್ಲಿ ಕಷ್ಟದ್ದು. ಅದಕ್ಕೇ ನಾನು ಹೆಣಿಗೆ ಕಲಿತೆ" ಎಂದು ಮೂಲೆಯ ಬುಟ್ಟಿ ತೋರಿಸಿದರು. ಬುಟ್ಟಿಯ ತುಂಬ ಕಾಲುಚೀಲ. ಒಂದು ಜೊತೆ ನನ್ನ ಕೈಗಿತ್ತರು. ಅದೇ ಅವರ ಸಮಾಧಾನ ಎಂದು ತಿಳಿದುಕೊಂಡೆ.

ಮರುದಿನ ಬೆಳಿಗ್ಗೆ ತಿಳಿ ಕೆರೆಗೆ ಎಂಟು ಹಂಸಗಳು ಬಂದಿಳಿದವು. ಅಷ್ಟು ಬಿಳಿ, ಅಷ್ಟು ಗತ್ತು. ಕೈ ಸುಮ್ಮನಿರದೆ ಫೋಟೋ ತೆಗೆದು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದೆ. ಸಂಜೆಯವರೆಗೆ ನನ್ನ ಬುದ್ಧಿಗೆ ಹೊಳೆಯಲಿಲ್ಲ, ನೆಟ್‌ವರ್ಕ್ ಇಲ್ಲದ ಊರಿನಿಂದ ಹಂಸ ಹೇಗೆ ಹಾರಿ ಬಂದವು ಎಂದು ಕೇತಕಿ ಕೇಳಿಯಾಳು ಎಂದು. ಹೊಳೆದಾಗ ತೆಗೆದುಹಾಕಿದೆ. ಯಾರು ನೋಡಿರುತ್ತಾರೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಐರೋಲಿ ಸೇತುವೆ

ವಿಮಾನ ಇಳಿದು ಟ್ಯಾಕ್ಸಿ ಹಿಡಿದಾಗ ಬೆಳಿಗ್ಗೆ ಎಂಟು. ಐರೋಲಿ ಸೇತುವೆಯ ಮೇಲೆ ಟ್ರಾಫಿಕ್ಕು ನಿಂತಿತ್ತು. ಕೆಳಗೆ ಸಮುದ್ರದ ನೀರು ಒಳನುಗ್ಗುವ ಖಾಡಿಯಲ್ಲಿ ಇಳಿತದ ಹೊತ್ತು, ನೀರು ಸರಿದು ಕೆಸರು ಬಿಸಿಲಿಗೆ ಹೊಳೆಯುತ್ತಿತ್ತು. ಇಷ್ಟು ವರ್ಷ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಸೇತುವೆ. ಅಂದು ಕಿಟಕಿ ಇಳಿಸಿ ನೋಡಿದೆ. ದೂರದಲ್ಲಿ ತಿಳಿಗುಲಾಬಿ ಚುಕ್ಕೆಗಳು, ಆ ಸಲದ ಮೊದಲ ಫ್ಲೆಮಿಂಗೋಗಳು ಬಂದಿದ್ದವು.

"ಮೇಡಂ, ಇತನೇ ಗಂದೇ ಪಾನೀ ಮೇಂ ಭೀ ಆತೇ ಹೈಂ" ಎಂದ ಟ್ಯಾಕ್ಸಿಯವನು, ಎಷ್ಟು ಹೊಲಸಿದ್ದರೂ ತಪ್ಪದೆ ಬರುವ ಮನೆಯ ನೆಂಟರ ಬಗ್ಗೆ ಹೇಳುವ ಹಾಗೆ.

ಈ ಖಾಡಿ ಯಾವ ಕಡೆ ಎಷ್ಟು ವಾಲಿದೆ, ಎಷ್ಟು ದಿನ ತಡೆದುಕೊಳ್ಳುತ್ತದೆ ಎಂದು ಬಾಟಲಿಯ ನೀರು ನನಗೆ ಹೇಳಲಾರದು. ಶಿಳ್‌ಫಾಟಾ ದಾಟುವವರೆಗೂ ನನ್ನ ತಲೆಯಲ್ಲಿ ಅದೇ ಇತ್ತು. ದಾಟಿದ ಮೇಲೆ ಮನೆಯ ಚಿಂತೆ ಉಳಿದದ್ದೆಲ್ಲವನ್ನೂ ನುಂಗಿತು.

ಮನೆ

ಬಾಗಿಲು ತೆರೆದೇ ಇತ್ತು. ಹಾಲಿನ ನೆಲದ ತುಂಬ ಹಳೆಯ ಸೀರೆಯ ತುಂಡುಗಳು. ಅತ್ತೆ ಪಾರ್ಶ್ವವಾಯು ಬಡಿಯುವ ಮೊದಲು ಅರ್ಧ ಹೊಲಿದು ಬಿಟ್ಟಿದ್ದ ಕೌದಿ, ಅಟ್ಟದ ಮೇಲಿಂದ ಇಳಿದು ಹರಡಿಕೊಂಡಿತ್ತು. ಸೋತ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈ ಬೆರಳಿನಿಂದ ಅತ್ತೆ ಜಾಗ ತೋರಿಸುತ್ತಿದ್ದರು. ಸೂಜಿ ಕೇತಕಿಯ ಕೈಯಲ್ಲಿತ್ತು. ಇಬ್ಬರೂ ನನ್ನನ್ನು ನೋಡಲಿಲ್ಲ.

"ಅಜ್ಜಿ, ಈ ಲಾಲ್ ತುಂಡು ಎಲ್ಲಿ ಹಚ್ಚಲಿ?"

"ಕೆಂಪು."

"ಹ್ಞಾಂ, ಕೆಂಪು. ಎಲ್ಲಿ?"

"ಅಲ್ಲೆ... ಮೂಲ್ಯಾಗ. ಹಂಗಲ್ಲ, ಕ್ಯಾದಗಿ. ಹಿಂಗ. ಸಣ್ಣ... ಸಣ್ಣ ಹೊಲಿಗಿ."

ಕೇತಕಿ ಎಂಬ ಹೆಸರನ್ನು ಅತ್ತೆ ಮೊದಲಿನಿಂದಲೂ ಕ್ಯಾದಗಿ ಎಂದೇ ಕರೆಯುವವರು. ಕಾಯಿಲೆಯಾದ ಮೇಲೆ ಅವರ ಬಾಯಲ್ಲಿ ನಾನು ಅದನ್ನು ಕೇಳಿರಲಿಲ್ಲ. ಒಂದೇ ಉಸಿರಿಗೆ ಅವರು ಇಷ್ಟು ಮಾತಾಡಿದ್ದನ್ನೂ ಕೇಳಿರಲಿಲ್ಲ. ಸೂಟ್‌ಕೇಸಿನ ಹಿಡಿಕೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟೆ. ಫ್ರಿಜ್ಜಿನ ಮೇಲೆ ನನ್ನ ಇಪ್ಪತ್ತು ವಾಕ್ಯಗಳ ಹಾಳೆ ಇರಲಿಲ್ಲ. ಅದನ್ನು ಕತ್ತರಿಸಿ ಕೌದಿಯ ತುಂಡಿಗೆ ಅಳತೆ ಮಾಡಿಕೊಂಡಿದ್ದರು.

ಆಮೇಲೆ ಕೇತಕಿ ನನಗೆ ಹಿಂದಿಯಲ್ಲಿ ಹೇಳಿದ ಪ್ರಕಾರ, ಫೋನ್ ನಿಂತ ಮೊದಲ ದಿನ ಇಬ್ಬರೂ ಮೂಕರ ಹಾಗೆ ಕೂತಿದ್ದರು. ಎರಡನೆಯ ದಿನ ಅವಳು ಹಿಂದಿಯಲ್ಲಿ ಏನೋ ಅಂದಾಗ ಅತ್ತೆ ಅವಳ ಮಣಿಕಟ್ಟು ಹಿಡಿದು, "ನನಗ ತಿಳಿಯೂದಿಲ್ಲವಾ. ನಿನಗ ಬರೂವಷ್ಟು ಹೇಳು" ಎಂದರಂತೆ. ಅವಳ ಬಾಯಿಗೆ ಬರುತ್ತಿದ್ದದ್ದು ನೀರು, ಊಟ, ಬ್ಯಾಡ, ಇಷ್ಟೇ. ಮೂರು ವರ್ಷದ ಮಗುವಿನ ಮಾತಿನಿಂದ ಶುರು ಮಾಡಲು ಅವಳಿಗೆ ನಾಚಿಕೆಯಾಯಿತಂತೆ. ಆದರೆ ನಗಲು ಅಲ್ಲಿ ಯಾರೂ ಇರಲಿಲ್ಲ. ತಿದ್ದಲು ನಾನೂ ಇರಲಿಲ್ಲ.

ನನ್ನನ್ನು ಕಂಡು ಕೇತಕಿ ಓಡಿ ಬಂದು ಅಪ್ಪಿಕೊಂಡಳು. ಅತ್ತೆ ಕಣ್ಣಿನಲ್ಲೇ ಬಾ ಎಂದರು. ಕೇತಕಿ ಮತ್ತೆ ಕೌದಿಯ ಹತ್ತಿರ ಕೂತು ಅಜ್ಜಿಗೆ ಏನೋ ಹೇಳಲು ಹೊರಟಳು. "ಅಜ್ಜಿ, ಅಮ್ಮಾ ಬಂದಾಳ, ಈಗ ನಾವು... ನಾವು..." ಶಬ್ದ ಸಿಗಲಿಲ್ಲ. ಸೂಜಿ ಗಾಳಿಯಲ್ಲಿ ನಿಂತಿತು. ಮೂರು ವರ್ಷದವಳಿದ್ದಾಗ ಬಿಟ್ಟಿದ್ದ ಅಮ್ಮಾ ಎಂಬ ಕೂಗು ಕಿವಿಗೆ ಬಿದ್ದದ್ದೇ ತಡ, ನಾನು ಹಳೆಯ ಚಾಳಿಯಂತೆ ಬಾಯಿ ತೆರೆದೆ.

"ಅತ್ತಿ, ಅಕಿ ಏನ್ ಅನ್ನಾಕತ್ತಾಳಂದ್ರ..."

"ಅಮ್ಮಾ, ನೀ ಸುಮ್ಮ ಕೂಡು" ಎಂದಳು ಕೇತಕಿ. "ನಾ ಹೇಳ್ತೀನಿ."

ಅತ್ತೆ ನನ್ನ ಕಡೆ ತಿರುಗಿದರು. ಓರೆಯಾದ ತುಟಿಯಲ್ಲಿ ನಗು ಮೂಡಿತು. ಒಂದೊಂದೇ ಶಬ್ದವನ್ನು ಹುಡುಕಿ ತೆಗೆದು ಮುಂದಿಟ್ಟರು.

"ನೆಟ್‌ವರ್ಕ್... ಇಲ್ಲ ಅಂದಿ. ಹಂಸ... ಚಂದ ಇದ್ವು."

ಅಜ್ಜಿ ಮೊಮ್ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿದ್ದು ಬಿದ್ದು ನಕ್ಕರು. ನಾನು ಸೂಟ್‌ಕೇಸು ಗೋಡೆಗೆ ಆನಿಸಿ, ಯಾನೆಕೆ ಕೊಟ್ಟ ಕಾಲುಚೀಲ ಕಳಚದೆ, ಕೌದಿಯ ಅಂಚು ತುಳಿಯದ ಹಾಗೆ ದೂರದಲ್ಲಿ ಸುಮ್ಮನೆ ಕೂತೆ.